ಡಿಕ್ಕಿಗೆ ಎಷ್ಟು ಲೀಟರ್ ಅಂತಲ್ಲ, ಅದರ ಆಕಾರ ಹೇಗಿದೆ ಅಂತ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ವಾಹನ ಪುಟದಲ್ಲಿ ಎರಡು ಸೀಟಿನ ಸಣ್ಣ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಬಂದ ಬರಹವನ್ನು ಎರಡು ಸಲ ಓದಿದೆ. ಎಂಜಿನ್, ಗೇರು, ತಿರುವಿನಲ್ಲಿ ಕಾರು ರಸ್ತೆಯನ್ನು ಹಿಡಿಯುವ ರೀತಿ ಎಲ್ಲವನ್ನೂ ಚೆನ್ನಾಗಿ ಬರೆದಿದ್ದಾರೆ. ಆದರೆ ಲಗೇಜಿನ ವಿಷಯ ಒಂದೇ ಸಾಲಿಗೆ ಮುಗಿದುಹೋಯಿತು. ಡಿಕ್ಕಿ ಚಿಕ್ಕದು, ದೂರದ ಪ್ರಯಾಣಕ್ಕೆ ಒಗ್ಗುವುದಿಲ್ಲ ಅಂತ. ಆ ಸಾಲು ನನಗೆ ಬೇಜಾರು ತಂದಿತು. ಅದನ್ನು ಓದಿ ಇಷ್ಟಪಟ್ಟ ಕಾರನ್ನು ಬೇಡ ಅಂದುಕೊಳ್ಳುವವರು ಇರುತ್ತಾರೆ. ಇರುವ ಕಾರನ್ನು ಮಾರುವವರೂ ಇರುತ್ತಾರೆ. ಅಷ್ಟು ಬೇಗ ತೀರ್ಮಾನ ಮಾಡಬೇಕಾದ ವಿಷಯ ಇದಲ್ಲ.

ನಮ್ಮ ಮನೆಯಲ್ಲಿರುವುದು ಮೊದಲ ತಲೆಮಾರಿನ ಮಾಜ್ದಾ ಎಂಎಕ್ಸ್-5. 1989ರಲ್ಲಿ ಶುರುವಾದ ಮಾದರಿ, ಬಟ್ಟೆಯ ಚಾವಣಿಯ ಕಾರು. ಓಡಿಸುವುದು ಹೆಚ್ಚಾಗಿ ನಮ್ಮನೆಯವರು. ಸಾಮಾನು ಹೊಂದಿಸುವುದು ನಾನು. ನನ್ನ ಕಸುಬು ಬಟ್ಟೆ ಹೊಲಿಯುವುದು. ಹಾಗಾಗಿ ಯಾವುದೇ ವಸ್ತು ಕಣ್ಣಿಗೆ ಬಿದ್ದರೂ ಮೊದಲು ಅದರ ಅಳತೆಯೇ ಮನಸ್ಸಿಗೆ ಬರುತ್ತದೆ.

ಮೊದಲು ಡಿಕ್ಕಿಯನ್ನು ಲೀಟರಿನಲ್ಲಿ ಅಳೆಯುವ ಲೆಕ್ಕಕ್ಕೆ ಬರುತ್ತೇನೆ. 2015ರಲ್ಲಿ ಬಂದ ನಾಲ್ಕನೇ ತಲೆಮಾರಿನ ಎಂಎಕ್ಸ್-5ಗೆ 130 ಲೀಟರ್ ಡಿಕ್ಕಿ ಅಂತ ಬರೆಯುತ್ತಾರೆ. ಈ ಲೆಕ್ಕ ಬರುವುದು ಹೇಗೆ ಗೊತ್ತಾ? ಜರ್ಮನಿಯ ವಾಹನ ತಯಾರಕರ ಸಂಘ ವಿಡಿಎ ಒಂದು ಪದ್ಧತಿ ಮಾಡಿದೆ. 20 ಸೆಂಟಿಮೀಟರ್ ಉದ್ದ, 10 ಅಗಲ, 5 ಎತ್ತರದ ಅಚ್ಚುಗಳು. ಒಂದೊಂದೂ ಸರಿಯಾಗಿ ಒಂದು ಲೀಟರ್. ಅವನ್ನು ಡಿಕ್ಕಿಯೊಳಗೆ ಜೋಡಿಸುತ್ತಾ ಹೋಗುತ್ತಾರೆ. ಎಷ್ಟು ಹಿಡಿಯಿತೋ ಅಷ್ಟು ಲೀಟರ್. ಪದ್ಧತಿಯಲ್ಲಿ ತಪ್ಪೇನಿಲ್ಲ. ಆದರೆ ಇಟ್ಟಿಗೆಯಷ್ಟೂ ಇಲ್ಲದ ಆ ಅಚ್ಚು ಚಕ್ರದ ಗೂಡಿನ ಪಕ್ಕದ ಸಂದಿಯಲ್ಲೂ ಕೂರುತ್ತದೆ, ಮೂಲೆಯಲ್ಲೂ ಕೂರುತ್ತದೆ. ಸೂಟ್‌ಕೇಸ್ ಹಾಗೆ ಕೂರುವುದಿಲ್ಲ. ದೊಡ್ಡ ಕಾರಿನಲ್ಲಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಸಣ್ಣ ಕಾರಿನಲ್ಲಿ ಇದೇ ದೊಡ್ಡ ವಿಷಯ.

ನನಗೆ ಇದು ಗೊತ್ತಾಗಿದ್ದು ಒಂದು ಗಟ್ಟಿ ಸೂಟ್‌ಕೇಸ್ ತಂದ ಮೇಲೆ. 55 ಸೆಂಟಿಮೀಟರ್ ಎತ್ತರ, 40 ಅಗಲ, 20 ದಪ್ಪ, ವಿಮಾನದೊಳಗೆ ಒಯ್ಯುವಂಥದ್ದು. ಯಾವ ಡಿಕ್ಕಿಯಲ್ಲಾದರೂ ಹಿಡಿಯುತ್ತದೆ ಅಂತ ಮಾರುವವರು ಹೇಳಿದ್ದರು. ಒಳಗೇನೋ ಹೋಯಿತು. ಮುಚ್ಚಳ ಮಾತ್ರ ಕೂರಲಿಲ್ಲ. ನಾನು ಅಂಗೈಯಲ್ಲಿ ಒತ್ತಿದೆ, ಬೀಗ ಟಕ್ ಅಂತ ಬಿತ್ತು. ಸರಿಯಾಯಿತು ಅಂದುಕೊಂಡು ಹೊರಟೆವು. ದಾರಿಯಲ್ಲಿ ಮಳೆ ಬಂತು. ಇಳಿದು ತೆರೆದು ನೋಡಿದರೆ ಒಂದು ಮೂಲೆಯಲ್ಲಿ ನೀರು. ಹಳೆಯ ಎಂಎಕ್ಸ್-5 ಡಿಕ್ಕಿಯ ಮುಚ್ಚಳಕ್ಕೆ ಎರಡು ಬಾಗಿದ ಕಬ್ಬಿಣದ ತೋಳುಗಳಿವೆ. ಮುಚ್ಚುವಾಗ ಅವು ಡಿಕ್ಕಿಯೊಳಕ್ಕೆ ಇಳಿಯುತ್ತವೆ. ಒಂದು ತೋಳು ಸೂಟ್‌ಕೇಸಿನ ಮೇಲೆ ಕೂತು, ಅಲ್ಲಿ ಹೆಬ್ಬೆರಳಗಲದ ತಗ್ಗು ಮಾಡಿತ್ತು. ಅದೇ ಒತ್ತಡಕ್ಕೆ ಮುಚ್ಚಳ ಒಂದು ಕಡೆ ಸ್ವಲ್ಪ ಎದ್ದು, ರಬ್ಬರ್ ಪಟ್ಟಿಗೆ ಸರಿಯಾಗಿ ತಾಗಿರಲಿಲ್ಲ. ಖಾಲಿ ಡಿಕ್ಕಿ ನೋಡಿದಾಗ ಆ ತೋಳು ಕಣ್ಣಿಗೇ ಬೀಳುವುದಿಲ್ಲ. ತೆರೆದಾಗ ಅದು ಮೇಲಿರುತ್ತದಲ್ವಾ?

ಅವತ್ತೇ ಚೀಲ ನಾನೇ ಹೊಲಿಯಬೇಕು ಅಂತ ನಿರ್ಧಾರ ಮಾಡಿದೆ.

ರವಿಕೆಗೆ ಅಳತೆ ತೆಗೆದ ಹಾಗೆ ಡಿಕ್ಕಿಗೂ ಅಳತೆ ತೆಗೆದೆ. ಬಟ್ಟೆ ಕತ್ತರಿಸುವ ಮೊದಲು ಕಾಗದದಲ್ಲಿ ಅದರ ಆಕಾರ ಕತ್ತರಿಸಿಕೊಳ್ಳುತ್ತೇವೆ, ಅದಕ್ಕೆ ಪೇಪರ್ ಕಟಿಂಗ್ ಅನ್ನುತ್ತೇವೆ. ನಿಮ್ಮ ಪತ್ರಿಕೆಯ ಹಳೆಯ ಹಾಳೆಗಳೇ ನನ್ನ ಪೇಪರ್ ಕಟಿಂಗ್. ತಳಕ್ಕೆ ಒಂದು ಹಾಳೆ ಹಾಸಿ, ಅಂಚಿಗೆ ಸರಿಯಾಗಿ ಉಗುರಿನಿಂದ ಮಡಿಕೆ ಎಳೆದು ಕತ್ತರಿಸಿದೆ. ಎಡಗೋಡೆಗೆ ಒಂದು, ಬಲಗೋಡೆಗೆ ಒಂದು. ಎರಡೂ ಒಂದೇ ಆಕಾರ ಬರಲಿಲ್ಲ. ನಮ್ಮ ಕಾರಿನಲ್ಲಿ ಬ್ಯಾಟರಿ ಇರುವುದು ಡಿಕ್ಕಿಯ ಬಲಮೂಲೆಯಲ್ಲಿ. ಒಳಭಾಗದಲ್ಲಿ ಸಣ್ಣ ಸ್ಟೆಪ್ನಿ ಓರೆಯಾಗಿ ಮಲಗಿದೆ. ಬ್ಯಾಟರಿ ಇರುವ ಕಡೆ ಚೀಲದ ಅಂಚನ್ನು ಒಳಕ್ಕೆ ತೆಗೆದೆ. ಸಾಮಾನು ಬ್ಯಾಟರಿಯ ತಂತಿಯನ್ನೋ ಗಾಳಿ ಹೋಗುವ ಕೊಳವೆಯನ್ನೋ ಒತ್ತಬಾರದು. ಕಬ್ಬಿಣದ ವಸ್ತು ಅದರ ತುದಿಗಳಿಗೆ ತಾಗಲೇಬಾರದು. ಆಮೇಲೆ ಮುಚ್ಚಳದ ತೋಳು. ಅದು ಎಲ್ಲಿಯವರೆಗೆ ಇಳಿಯುತ್ತದೆ ಅಂತ ತಿಳಿಯಲು ಮೆತ್ತಗಿನ ಹಿಟ್ಟಿನ ಮುದ್ದೆಯನ್ನು ಕಾಗದದಲ್ಲಿ ಸುತ್ತಿ, ಅದರ ಜಾಗದಲ್ಲಿಟ್ಟು ಮುಚ್ಚಳ ಮುಚ್ಚಿದೆ. ತೆರೆದಾಗ ಅಚ್ಚು ಬಿದ್ದಿತ್ತು. ಅಲ್ಲಿಂದ ಎರಡು ಬೆರಳು ಕೆಳಗೆ ಗೆರೆ ಹಾಕಿದೆ.

ಇನ್ನೊಂದು ಅಳತೆ ಎಲ್ಲರೂ ಮರೆಯುವುದು. ಡಿಕ್ಕಿಯ ಬಾಯಿ. ಹೊಟ್ಟೆ ಅಗಲ ಇದ್ದು ಬಾಯಿ ಕಿರಿದಾಗಿದ್ದರೆ ದೊಡ್ಡ ಚೀಲ ಒಳಗೆ ಹೋಗುವುದೇ ಇಲ್ಲ. ಅದಕ್ಕೇ ನಾನು ಒಂದು ದೊಡ್ಡದರ ಬದಲು ಮೂರು ಚೀಲ ಹೊಲಿದೆ. ದೊಡ್ಡದು 40 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರ. ಅಂದರೆ 30 ಲೀಟರ್. ಉಳಿದೆರಡು ಸಣ್ಣವು. ಒಂದು ಮೂಲೆಗೆ ಹೊಂದುವ ಮುಕ್ಕೋನದ್ದು, ಇನ್ನೊಂದು ಸ್ಟೆಪ್ನಿಯ ಮುಂದೆ ನಿಲ್ಲುವ ಚಪ್ಪಟೆಯದು. ಮೊದಲು ಹಳೆಯ ಬೆಡ್‌ಶೀಟಿನಲ್ಲಿ ಕಚ್ಚಾ ಹೊಲಿಗೆ ಹಾಕಿ, ಬಟ್ಟೆ ತುಂಬಿ, ಡಿಕ್ಕಿಯಲ್ಲಿ ಇಟ್ಟು ನೋಡಿದೆ. ಇದು ಮಾಡಲೇಬೇಕಾದ ಕೆಲಸ. ಖಾಲಿ ಚೀಲ ಒಂದು ಆಕಾರ, ತುಂಬಿದ ಚೀಲ ಇನ್ನೊಂದು ಆಕಾರ. ಹೊಟ್ಟೆ ಉಬ್ಬಿ ಪಕ್ಕದ ಚೀಲದ ಜಾಗ ತಿನ್ನುತ್ತದೆ. ಎರಡು ಕಡೆ ಬಟ್ಟೆ ಹಿಡಿದು ಸರಿಮಾಡಿದ ಮೇಲೆ ದಪ್ಪ ಕ್ಯಾನ್ವಾಸ್ ಕತ್ತರಿಸಿದೆ. ಜಿಪ್ ಮೇಲ್ಭಾಗಕ್ಕೆ, ಉದ್ದಕ್ಕೆ. ಚೀಲ ಹೊರಗೆ ಎಳೆಯದೆ ಒಳಗಿನ ವಸ್ತು ತೆಗೆಯಬಹುದು. ಹಿಡಿಯನ್ನು ನಮ್ಮ ಕಡೆ ಮುಖ ಮಾಡಿ ಹೊಲಿದೆ. ಚಕ್ರ ಇಲ್ಲ, ಎಳೆಯುವ ಕೋಲು ಇಲ್ಲ. ಗಾಲಿ ಸೂಟ್‌ಕೇಸಿನಲ್ಲಿ ಇವೆರಡೇ ಸುಮಾರು ನಾಲ್ಕೈದು ಸೆಂಟಿಮೀಟರ್ ತಿನ್ನುತ್ತವೆ. ಸಣ್ಣ ಡಿಕ್ಕಿಯಲ್ಲಿ ಅಷ್ಟು ಜಾಗದಲ್ಲಿ ಒಂದು ಜೊತೆ ಬೂಟು ಕೂರುತ್ತದೆ.

ಹೊಲಿಯಲು ಬಾರದವರು ಏನು ಮಾಡಬೇಕು ಅಂತ ಕೇಳಬಹುದು. ಅವರಿಗೂ ಕಷ್ಟ ಏನಿಲ್ಲ. ಮೆತ್ತಗಿನ ಸಣ್ಣ ಚೀಲಗಳನ್ನು ತೆಗೆದುಕೊಳ್ಳಲಿ. ಜಿಮ್ಮಿಗೆ ಒಯ್ಯುವಂಥ ಬ್ಯಾಗು, ಬೆನ್ನಿಗೆ ಹಾಕುವ ಬ್ಯಾಗು ಎಲ್ಲ ಆಗುತ್ತವೆ. ಆದರೆ ಕೊಳ್ಳುವ ಮೊದಲು ಒಂದು ರಟ್ಟಿನ ಪೆಟ್ಟಿಗೆಯನ್ನು ಅದೇ ಅಳತೆಗೆ ಕತ್ತರಿಸಿ ಡಿಕ್ಕಿಯಲ್ಲಿ ಇಟ್ಟು, ಮುಚ್ಚಳ ಮುಚ್ಚಿ ನೋಡಲಿ. ಆಯಾ ಕಾರಿನ ಆಕಾರಕ್ಕೇ ಹೊಲಿದ ಚೀಲಗಳೂ ಸಿಗುತ್ತವೆ. ಅವನ್ನು ತರಿಸುವವರು ತಮ್ಮ ಕಾರಿನ ವರ್ಷವನ್ನೂ ತಲೆಮಾರನ್ನೂ ಸರಿಯಾಗಿ ಹೇಳಬೇಕು. ಹೆಸರು ಒಂದೇ ಇದ್ದರೂ ಒಳಗಿನ ಗೋಡೆ ಬೇರೆ.

ಒಂದೊಂದು ಕಾರಿನ ಗುಣ ಎಷ್ಟು ಬೇರೆ ಬೇರೆ ಅಂತ ನಿಮ್ಮ ಬರಹದಲ್ಲಿ ಬರಬೇಕಿತ್ತು. 1996ರಲ್ಲಿ ಬಂದ ಪೋರ್ಷೆ ಬಾಕ್ಸ್‌ಸ್ಟರ್‌ನಲ್ಲಿ ಎಂಜಿನ್ ನಡುವೆ ಇರುವುದರಿಂದ ಮುಂದೊಂದು, ಹಿಂದೊಂದು, ಎರಡು ಡಿಕ್ಕಿ. ಇಬ್ಬರ ಸಾಮಾನಿಗೆ ಧಾರಾಳ ಅಂತಲೇ ಹೇಳಬೇಕು. ಅದೇ ವರ್ಷದ ಲೋಟಸ್ ಎಲೀಸ್‌ನಲ್ಲೂ ಎಂಜಿನ್ ನಡುವೆಯೇ. ಆದರೆ ಡಿಕ್ಕಿ ಒಂದೇ, ಅದೂ ಎಂಜಿನ್ನಿನ ಬೆನ್ನಿಗೆ. ಬಿಸಿ ತಾಗುತ್ತದೆ. ಮಾತ್ರೆ, ಲ್ಯಾಪ್‌ಟಾಪ್ ಅಲ್ಲಿ ಇಡಬಾರದು. 1999ರ ಟೊಯೊಟಾ ಎಂಆರ್-ಎಸ್‌ನಲ್ಲಿ ಸೀಟಿನ ಹಿಂದೆ ಪೆಟ್ಟಿಗೆಯಂಥ ಜಾಗ ಇದೆ, ಸೀಟು ಮುಂದಕ್ಕೆ ಬಾಗಿಸಿ ತೆರೆಯಬೇಕು. ಆ ಕಾರಿಗೆ ಮೆತ್ತಗಿನ ಚೀಲ ಬಿಟ್ಟರೆ ಬೇರೆ ದಾರಿ ಇಲ್ಲ.

ಚಾವಣಿಯ ವಿಷಯ ಇನ್ನೂ ಮುಖ್ಯ. 2009ರಲ್ಲಿ ಬಂದ ಎರಡನೇ ತಲೆಮಾರಿನ ಬಿಎಂಡಬ್ಲ್ಯು ಝಡ್4 ಕಾರಿಗೆ ಗಟ್ಟಿ ಚಾವಣಿ. ತೆರೆದರೆ ಅದು ಮಡಚಿಕೊಂಡು ಡಿಕ್ಕಿಯೊಳಗೆ ಬಂದು ಕೂರುತ್ತದೆ. ಮುಚ್ಚಿದಾಗ 310 ಲೀಟರ್ ಇದ್ದದ್ದು ತೆರೆದಾಗ 180ಕ್ಕೆ ಇಳಿಯುತ್ತದೆ. ಮನೆಯಲ್ಲಿ ಚಾವಣಿ ಹಾಕಿಕೊಂಡು ಡಿಕ್ಕಿ ತುಂಬಿ ಹೊರಟವರು ದಾರಿಯಲ್ಲಿ ಬಿಸಿಲು ಚೆನ್ನಾಗಿದೆ ಅಂತ ತೆರೆಯಲು ಹೋದರೆ ಆಗುವುದಿಲ್ಲ. 2015ರ ಹೊಂಡಾ ಎಸ್660ಯಲ್ಲಿ ಬಟ್ಟೆಯ ಚಾವಣಿಯನ್ನು ಸುರುಳಿ ಸುತ್ತಿ ಮುಂದಿನ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಇಡಬೇಕು. ಆ ಡಬ್ಬಿಯಲ್ಲಿ ನಿಮ್ಮ ಚೀಲ ಇದ್ದರೆ ಚಾವಣಿ ಇಡುವುದೆಲ್ಲಿ? ತೆರೆದ ಕಾರು ಕೊಳ್ಳುವುದೇ ತೆರೆದು ಓಡಿಸಲು. ಹಾಗಿದ್ದ ಮೇಲೆ ತೆರೆದಾಗ ಉಳಿಯುವ ಜಾಗವೇ ಅದರ ನಿಜವಾದ ಜಾಗ ಅಂತ ನಾನು ತಿಳಿದಿದ್ದೇನೆ. ನಮ್ಮ ಕಾರಿನ ಚಾವಣಿ ಡಿಕ್ಕಿಗೆ ಬರುವುದಿಲ್ಲ, ಸೀಟಿನ ಹಿಂದೆ ಮಡಚಿ ಕೂರುತ್ತದೆ. ಹಾಗಾಗಿ ಸೀಟಿನ ಹಿಂದಿನ ಹಲಗೆಯ ಮೇಲೆ ಏನೂ ಇಡುವುದಿಲ್ಲ. ಹಿಂದಿನ ಕಿಟಕಿ ಪ್ಲಾಸ್ಟಿಕ್ಕಿನದು. ಕೆಳಗೆ ಗಟ್ಟಿ ವಸ್ತು ಇದ್ದರೆ ಗೀರು ಬೀಳುತ್ತದೆ.

ಅಲ್ಲಿ ಇಡಬಾರದು ಅನ್ನುವುದಕ್ಕೆ ಇನ್ನೂ ದೊಡ್ಡ ಕಾರಣ ಇದೆ. ಅದು ನಮ್ಮ ತಲೆಯ ಹಿಂದೆಯೇ ಇರುವ ಜಾಗ. 50 ಕಿಲೋಮೀಟರ್ ವೇಗದ ಕಾರು ಎಲ್ಲೋ ಗುದ್ದಿ ಅರ್ಧ ಮೀಟರಿನಲ್ಲಿ ನಿಂತಿತು ಅಂತ ಇಟ್ಟುಕೊಳ್ಳಿ. ಒಳಗೆ ಕಟ್ಟದೆ ಇಟ್ಟ ವಸ್ತು ತನ್ನ ತೂಕದ ಸುಮಾರು 20 ಪಟ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತದೆ. ಮೂರು ಕಿಲೋ ಚೀಲ ಅಂದರೆ 60 ಕಿಲೋ ಹೊಡೆತ. ಜಾಗ ಇಲ್ಲ ಅಂತ ಕಾಲ ಬಳಿ, ತೊಡೆಯ ಮೇಲೆ, ತಲೆಯ ಹಿಂದೆ ಸಾಮಾನು ತುಂಬಿಕೊಂಡು ಹೋಗುವವರನ್ನು ನೋಡಿದರೆ ನನಗೆ ಭಯವಾಗುತ್ತದೆ. ಡ್ರೈವರಿನ ಕಾಲ ಬಳಿಯಂತೂ ಒಂದು ನೀರಿನ ಬಾಟಲಿಯೂ ಇರಬಾರದು. ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮುಗಿಯಿತು.

ಡಿಕ್ಕಿಯ ಮೇಲೆ ಬೆಲ್ಟಿನಿಂದ ಕಟ್ಟುವ ಲಗೇಜ್ ಸ್ಟ್ಯಾಂಡನ್ನೂ ಒಮ್ಮೆ ಸ್ನೇಹಿತರಿಂದ ತಂದು ನೋಡಿದೆವು. ಹಳೆಯ ಎಂಜಿಬಿಯಂಥ ಕಾರುಗಳಲ್ಲಿ ಹೊಳೆಯುವ ಸ್ಟ್ಯಾಂಡನ್ನು ಮುಚ್ಚಳಕ್ಕೆ ತೂತು ಕೊರೆದು ಕೂರಿಸುತ್ತಿದ್ದರು, ನೋಡಲು ಚೆಂದ. ಇದಕ್ಕೆ ತೂತು ಬೇಡ. ಆದರೆ ಎರಡು ದಿನ ಕಳೆದು ಬಿಚ್ಚಿದಾಗ ರಬ್ಬರ್ ಪಾದ ಇದ್ದಲ್ಲೆಲ್ಲ ಬಣ್ಣದ ಮೇಲೆ ಸಣ್ಣ ಸಣ್ಣ ಗೀರು. ಕೆಳಗೆ ಸಿಕ್ಕ ಧೂಳು ಉಪ್ಪುಕಾಗದದ ಹಾಗೆ ಉಜ್ಜಿತ್ತು. ಕಟ್ಟುವ ಮೊದಲು ಮುಚ್ಚಳವನ್ನೂ ಪಾದವನ್ನೂ ತೊಳೆದು ಒರೆಸಬೇಕಿತ್ತು, ನಾವು ಮಾಡಿರಲಿಲ್ಲ. ಚೀಲ ಮುಚ್ಚಳದ ಮೇಲಿನ ಮೂರನೇ ಬ್ರೇಕ್ ದೀಪವನ್ನು ಮರೆ ಮಾಡುತ್ತದೆ, ಅದನ್ನೂ ನೋಡಿಕೊಳ್ಳಬೇಕು. ಹಗುರವಾದ, ಆದರೆ ಜಾಸ್ತಿ ಜಾಗ ತಿನ್ನುವ ಜಾಕೆಟ್ಟು, ಹೊದಿಕೆ ಇಂಥವಕ್ಕೆ ಸ್ಟ್ಯಾಂಡ್ ಸರಿ. ಭಾರಕ್ಕೆ ಬೇಡವೇ ಬೇಡ. ಹಿಂದಿನ ಚಕ್ರಕ್ಕಿಂತ ಹಿಂದೆ, ಅದೂ ಅಷ್ಟು ಎತ್ತರದಲ್ಲಿ ಭಾರ ಹಾಕಿದರೆ ಮೂತಿ ಹಗುರಾಗುತ್ತದೆ. ಯಾವ ತಿರುವಿಗಾಗಿ ಈ ಕಾರು ಕೊಂಡೆವೋ ಆ ತಿರುವೇ ಕೆಡುತ್ತದೆ.

ಸ್ಟೆಪ್ನಿ ತೆಗೆದು ಜಾಗ ಮಾಡಿಕೊಳ್ಳುವವರೂ ಇದ್ದಾರೆ. ನಾಲ್ಕನೇ ತಲೆಮಾರಿನ ಎಂಎಕ್ಸ್-5ನಲ್ಲಿ ಸ್ಟೆಪ್ನಿಯೇ ಇಲ್ಲ, ಪಂಕ್ಚರ್ ಮುಚ್ಚುವ ದ್ರವ ಮತ್ತು ಪಂಪು ಕೊಡುತ್ತಾರೆ. ಮೊಳೆ ಚುಚ್ಚಿದರೆ ಅದು ಸಾಕು. ಟಯರಿನ ಪಕ್ಕ ಹರಿದರೆ ಆಗುವುದಿಲ್ಲ. ನಾವು ತೆಗೆದಿಲ್ಲ. ಆದರೆ ಒಂದು ಮಾತು ಹೇಳಬೇಕು. ಸಣ್ಣ ಸ್ಟೆಪ್ನಿ ಹಾಕಿದ ಮೇಲೆ, ಬಿಚ್ಚಿದ ಅಗಲದ ಚಕ್ರ ಅದರ ಜಾಗದಲ್ಲಿ ಕೂರುವುದಿಲ್ಲ. ಅದಕ್ಕೆ ನಾನು ಮುಕ್ಕೋನದ ಚೀಲಕ್ಕೆ ಹೆಗಲಿಗೆ ಹಾಕುವ ಪಟ್ಟಿ ಹೊಲಿದಿದ್ದೇನೆ. ಬೇಕಾದರೆ ಚೀಲ ನಾನು ಹೊರುತ್ತೇನೆ, ಚಕ್ರ ಡಿಕ್ಕಿಗೆ ಹೋಗಲಿ.

ಈ ಮೂರು ಚೀಲದಲ್ಲಿ ನಾವಿಬ್ಬರೂ ಆರು ದಿನ ತಿರುಗಿ ಬಂದಿದ್ದೇವೆ. ಎರಡು ಜೊತೆ ಬೂಟು, ಮಳೆಯಂಗಿ, ಇಬ್ಬರ ಬಟ್ಟೆ, ಔಷಧಿ ಡಬ್ಬಿ, ಟಾರ್ಚು, ಸಣ್ಣ ಟೂಲ್ ಸುರುಳಿ ಎಲ್ಲ ಹಿಡಿಯಿತು. ದೂರದ ಪ್ರಯಾಣಕ್ಕೆ ಒಗ್ಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪದೆ ಇರುವುದು ಅದಕ್ಕೇ.

ನನ್ನ ಕೋರಿಕೆ ಇಷ್ಟೇ. ನಿಮ್ಮ ವರದಿಗಾರರು ಮುಂದಿನ ಸಲ ಇಂಥ ಕಾರು ಓಡಿಸಿ ನೋಡಲು ಹೋದಾಗ ಜೊತೆಗೆ ಒಂದು ಅಳತೆ ಟೇಪು ಒಯ್ಯಲಿ. ಡಿಕ್ಕಿಯ ಬಾಯಿ ಎಷ್ಟು ಅಗಲ, ಒಳಗೆ ಎಷ್ಟು ಆಳ, ಚಾವಣಿ ತೆರೆದಾಗ ಎಷ್ಟು ಉಳಿಯುತ್ತದೆ, ಮುಚ್ಚಳದ ತೋಳು ಒಳಗೆ ಇಳಿಯುತ್ತದೆಯೇ, ಒಳಗೆ ಬಿಸಿಯಾಗುತ್ತದೆಯೇ ಅಂತ ಬರೆಯಲಿ. ತುಂಬಿದ ಎರಡು ಚೀಲ ಇಟ್ಟು, ಮುಚ್ಚಳ ಮುಚ್ಚಿ, ಒಂದು ಫೋಟೋ ಹಾಕಲಿ. ಹತ್ತು ನಿಮಿಷದ ಕೆಲಸ. ನಮ್ಮ ಕಾರಿನ ಪೇಪರ್ ಕಟಿಂಗ್ ಇನ್ನೂ ನನ್ನ ಬಳಿ ಇದೆ, ನಿಮ್ಮ ಪುಟಕ್ಕೆ ಬೇಕೆಂದರೆ ಮಡಚಿ ಅಂಚೆಗೆ ಹಾಕುತ್ತೇನೆ. ಬಲಮೂಲೆಯ ಬ್ಯಾಟರಿಗೆ ಬಿಟ್ಟ ಜಾಗಕ್ಕೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೇನೆ.

ಇಂತಿ,
ನಿಮ್ಮ ಬಹುಕಾಲದ ಓದುಗಳು