ನೀರಿನ ರಿಪೋರ್ಟಿನಲ್ಲಿ ಸೋಡಿಯಂ ಯಾಕಿಲ್ಲ? ನಮ್ಮ ನಗರಸೇವಕರಿಗೆ (ಕಾರ್ಪೊರೇಟರ್‌ಗೆ) ಒಂದು ಬಹಿರಂಗ ಪತ್ರ

ಮಾನ್ಯ ನಗರಸೇವಕರೇ,

ನಮಸ್ಕಾರ. ಇದರ ಮರಾಠಿ ಪ್ರತಿಯನ್ನು ನಿಮ್ಮ ಕಚೇರಿಗೆ ಬೇರೆ ಕೊಡುತ್ತೇವೆ. ಪುಣೆಯಲ್ಲಿರುವ ನಮ್ಮವರೂ ಓದಲಿ ಅಂತ ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

ನಮ್ಮ ವಾಘೋಲಿ 2021ರಲ್ಲಿ ಪುಣೆ ಮಹಾನಗರ ಪಾಲಿಕೆಗೆ ಸೇರಿತು. ಆದರೂ ಇಲ್ಲಿನ ಎಷ್ಟೋ ಸೊಸೈಟಿಗಳಿಗೆ ಇವತ್ತಿಗೂ ಟ್ಯಾಂಕರ್, ಬೋರ್‌ವೆಲ್ಲೇ ಗತಿ. ಬೋರ್ ನೀರು ಗಡಸು. ಗೀಸರ್ ಕೆಡುತ್ತದೆ, ಕೂದಲು ಉದುರುತ್ತದೆ ಅಂತ ನೀರಿನ ಗಡಸುತನ ತೆಗೆಯುವ ಸಾಫ್ಟ್‌ನರ್ ಯಂತ್ರ ಹಾಕಿಸುತ್ತಾರೆ. ಅದು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ (ಅಡುಗೆ ಉಪ್ಪಿನಲ್ಲಿರುವುದೂ ಇದೇ) ಬಿಡುತ್ತದೆ. ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದರೆ ಸುಮಾರು 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಗಡಸುತನ 400 ಇದ್ದರೆ 184 ಆಯಿತು. ದಿನಕ್ಕೆ ಎರಡು ಲೀಟರ್ ಕುಡಿದರೆ 368. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ದಿನಕ್ಕೆ 2,000 ಮಿಲಿಗ್ರಾಂ. ಅದರಲ್ಲಿ ಹತ್ತಿರ ಹತ್ತಿರ ಐದನೇ ಒಂದು ಪಾಲು ಬರೀ ನೀರಿನಿಂದಲೇ!

ಗಾಬರಿ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆರೋಗ್ಯವಾಗಿರುವವರಿಗೆ ನೀರಿಗಿಂತ ಉಪ್ಪಿನಕಾಯಿ, ಹಪ್ಪಳ, ಫರಸಾಣದ್ದೇ (ಖಾರದ ಕುರುಕಲು ತಿಂಡಿ) ಜಾಸ್ತಿ ಚಿಂತೆ. ಆದರೆ ಬಿ.ಪಿ., ಹೃದಯ, ಕಿಡ್ನಿ ತೊಂದರೆ ಇದ್ದು ಡಾಕ್ಟರ್ ಉಪ್ಪು ಬಿಡಿಸಿದವರ ಕಥೆ ಬೇರೆ. ಸಾರಿಗೆ ಉಪ್ಪು ಅಳೆದು ಹಾಕುತ್ತಾರೆ, ನೀರಿನ ಲೆಕ್ಕ ಯಾರೂ ಇಡುವುದಿಲ್ಲ. ಪೌಡರ್ ಹಾಲು ಕುಡಿಯುವ ಕೂಸುಗಳಿಗೂ ಅದೇ ನೀರು. ಲೀಟರಿಗೆ 200 ಮಿಲಿಗ್ರಾಂ ಆಸುಪಾಸು ತಲುಪುವ ತನಕ ನಾಲಿಗೆಗೆ ಗೊತ್ತೂ ಆಗುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ಯು.ವಿ. ಫಿಲ್ಟರಿಗೂ ಸಿಗುವುದಿಲ್ಲ. ಆರ್.ಓ. ಇದ್ದರೆ ಬಹುಪಾಲು ಹೋಗುತ್ತದೆ, ಆದರೆ ಬಾಡಿಗೆ ಖೋಲಿಯಲ್ಲಿರುವ ಎಲ್ಲರ ಹತ್ತಿರ ಆರ್.ಓ. ಇರುತ್ತದಾ?

ವಿಚಿತ್ರ ನೋಡಿ. ಬಾಟಲಿ ನೀರಿಗೆ ಸೋಡಿಯಂ ಲೀಟರಿಗೆ 200 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ನಲ್ಲಿ ನೀರಿಗೆ ಅನ್ವಯಿಸುವ ಐ.ಎಸ್. 10500 ಎಂಬ ಭಾರತೀಯ ಮಾನದಂಡದಲ್ಲಿ ಸೋಡಿಯಂಗೆ ಮಿತಿಯೇ ಇಲ್ಲ. ಹಾಗಾಗಿ ಟಿ.ಡಿ.ಎಸ್. (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ), ಕ್ಲೋರೈಡ್ ನೋಡಿ 'ನೀರು ಸರಿ ಇದೆ' ಅಂದುಬಿಡುತ್ತಾರೆ.

ಮಾನದಂಡ ಬದಲಿಸುವುದು ನಿಮ್ಮ ಕೈಯಲ್ಲಿಲ್ಲ, ಗೊತ್ತು. ಆದರೆ ಪಾಲಿಕೆಯಿಂದ ಇಷ್ಟು ಮಾಡಿಸಬಹುದು ಅಲ್ವಾ? ಟ್ಯಾಂಕರ್ ತುಂಬಿಸುವ ಬೋರ್‌ಗಳ ನೀರನ್ನು ಪರೀಕ್ಷಿಸುವಾಗ ಸೋಡಿಯಂ ಕೂಡ ಅಳೆಯಲಿ, ಆ ಅಂಕಿ ವಾರ್ಡ್ ಕಚೇರಿಯ ಬೋರ್ಡಿನ ಮೇಲೆ ಹಾಕಲಿ. ಹೊಸ ಕಟ್ಟಡಗಳಲ್ಲಿ ಅಡುಗೆಮನೆಯ ಒಂದು ನಲ್ಲಿಗೆ ಸಾಫ್ಟ್‌ನರ್ ಮೂಲಕ ಹೋಗದ ಬೇರೆ ಪೈಪ್ ಇರಲಿ. ಬಿಲ್ಡರ್‌ಗೆ ಅದೇನು ದೊಡ್ಡ ಖರ್ಚಲ್ಲ.

ಅಣೆಕಟ್ಟಿನ ನೀರು ಎಲ್ಲರಿಗೂ ಯಾವಾಗ ಬರುತ್ತದೆ ಅನ್ನುವ ಹಳೇ ಪ್ರಶ್ನೆ ಇದ್ದೇ ಇದೆ, ಅದನ್ನು ಇಲ್ಲಿ ಎತ್ತುವುದಿಲ್ಲ. ಮುಂದಿನ ವಾರ್ಡ್ ಸಭೆ ಯಾವತ್ತು ಅಂತ ತಿಳಿಸಿ. ನಮ್ಮ ಸೊಸೈಟಿಯ ಸಾಫ್ಟ್‌ನರ್ ನೀರಿನ ಪರೀಕ್ಷೆ ಮಾಡಿಸಿ ರಿಪೋರ್ಟ್ ತರುತ್ತೇವೆ.

ಇಂತಿ,
ವಾಘೋಲಿಯ ಒಬ್ಬ ಕನ್ನಡಿಗ