ಪಿನಟುಬೊ ಬೆಟ್ಟದ ಕುರಿತು ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ಐನೂರು ವರ್ಷ ತಣ್ಣಗಿದ್ದ ಬೆಟ್ಟವೊಂದು ಸಿಡಿಯಲಿದೆ ಎಂದು ಯಾರಿಗಾದರೂ ಮೊದಲೇ ತಿಳಿಯುವುದು ಹೇಗೆ ಎಂದು ಕೇಳಿದ್ದೀಯೆ. ಫಿಲಿಪ್ಪೀನ್ಸ್‌ನ ಪಿನಟುಬೊ ಜ್ವಾಲಾಮುಖಿಯ ವಿಷಯದಲ್ಲಿ ಉತ್ತರ ಅದರ ಕಣಿವೆಗಳಲ್ಲೇ ಇತ್ತು.

1991ರ ಏಪ್ರಿಲ್ 2ರಂದು ಬೆಟ್ಟದ ಮೇಲ್ಭಾಗ ಬಿರಿದು ಹಬೆ ಚಿಮ್ಮಿದಾಗ, ಕಾಡು ಮುಚ್ಚಿದ ಆ ಇಳಿಜಾರುಗಳಲ್ಲಿ ಸಾವಿರಾರು ಆಯ್ಟಾ ಬುಡಕಟ್ಟಿನ ಜನರು ವಾಸವಾಗಿದ್ದರು. ಫಿಲಿಪ್ಪೀನ್ಸ್ ಮತ್ತು ಅಮೆರಿಕದ ಭೂವಿಜ್ಞಾನಿಗಳು ಕಂಪನಮಾಪಕಗಳನ್ನು ಅಳವಡಿಸಿದರು. ಜೊತೆಗೆ ಹಳೆಯ ಬೂದಿಯ ಪದರಗಳನ್ನು ಪರಿಶೀಲಿಸಿ, ಅವುಗಳಲ್ಲಿ ಹುದುಗಿದ್ದ ಸುಟ್ಟ ಮರದ ಇದ್ದಿಲಿನಿಂದ ಕಾಲವನ್ನು ಲೆಕ್ಕ ಹಾಕಿದರು. ಸುಮಾರು 5,500, 3,000 ಮತ್ತು 500 ವರ್ಷಗಳ ಹಿಂದೆ ಬೆಟ್ಟ ಸಿಡಿದಿತ್ತು, ಸಿಡಿದಾಗಲೆಲ್ಲ ಭೀಕರವಾಗಿಯೇ ಸಿಡಿದಿತ್ತು. ಆ ಪದರಗಳ ಹರವನ್ನು ಆಧರಿಸಿ ಮೇ ತಿಂಗಳಲ್ಲಿ ಅಪಾಯದ ನಕ್ಷೆ ಸಿದ್ಧವಾಯಿತು.

ಆದರೆ ನಕ್ಷೆಯನ್ನು ನೋಡಿ ಮನೆ ಬಿಡುವವರು ಎಷ್ಟು ಮಂದಿ? ಫ್ರಾನ್ಸಿನ ಜ್ವಾಲಾಮುಖಿ ತಜ್ಞ ಮೋರಿಸ್ ಕ್ರಾಫ್ಟ್ ಸಿದ್ಧಪಡಿಸಿದ್ದ ವಿಡಿಯೊ ಚಿತ್ರವನ್ನು ಅಧಿಕಾರಿಗಳಿಗೂ ಜನರಿಗೂ ತೋರಿಸಲಾಯಿತು. ಉರಿಬೂದಿಯ ಮತ್ತು ಕೆಸರಿನ ಪ್ರವಾಹಗಳು ಏನು ಮಾಡಬಲ್ಲವೆಂಬುದನ್ನು ಅವರು ಕಣ್ಣಾರೆ ಕಂಡರು. ಅದೇ ಮೋರಿಸ್ ಮತ್ತು ಅವರ ಪತ್ನಿ ಕಾಟ್ಯಾ ಜೂನ್ 3ರಂದು ಜಪಾನಿನ ಉಂಜೆನ್ ಬೆಟ್ಟದಲ್ಲಿ ಅಂಥದೇ ಉರಿಬೂದಿಯ ಪ್ರವಾಹಕ್ಕೆ ಸಿಲುಕಿ ಮಡಿದರು. ತಮ್ಮ ಚಿತ್ರ ಉಳಿಸಿದ ಜೀವಗಳ ಸುದ್ದಿ ಅವರಿಗೆ ತಲುಪಲೇ ಇಲ್ಲವೆಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಜೂನ್ 10ರಂದು ಬೆಟ್ಟದ ಸಮೀಪದಲ್ಲಿದ್ದ ಅಮೆರಿಕದ ಕ್ಲಾರ್ಕ್ ವಾಯುನೆಲೆ ಬಹುಪಾಲು ತೆರವಾಯಿತು. 15ರ ಮಧ್ಯಾಹ್ನ ಪಿನಟುಬೊ ಪೂರ್ತಿಯಾಗಿ ಸಿಡಿದು, ಬೂದಿ ಸುಮಾರು 35 ಕಿಲೋಮೀಟರ್ ಎತ್ತರಕ್ಕೇರಿತು. 1,745 ಮೀಟರ್ ಎತ್ತರದ ಶಿಖರ ಕುಸಿದು, ಎರಡೂವರೆ ಕಿಲೋಮೀಟರ್ ಅಗಲದ ಕುಳಿ ಉಳಿಯಿತು. ಅದೇ ದಿನ ಯೂನ್ಯಾ ಚಂಡಮಾರುತವೂ ಅಪ್ಪಳಿಸಿತು. ಮಳೆಯಲ್ಲಿ ನೆನೆದು ಭಾರವಾದ ಬೂದಿ ಚಾವಣಿಗಳನ್ನು ಕೆಡವಿತು; ಸತ್ತವರಲ್ಲಿ ಬಹಳಷ್ಟು ಮಂದಿ ಸತ್ತದ್ದು ಹೀಗೆ. ಆದರೂ ಮುನ್ನೆಚ್ಚರಿಕೆ ಕನಿಷ್ಠ 5,000 ಜೀವಗಳನ್ನು ಉಳಿಸಿತೆಂದು ವಿಜ್ಞಾನಿಗಳ ಅಂದಾಜು.

ಮುಂದಿನ ಮಳೆಗಾಲಗಳಲ್ಲಿ ಸಡಿಲ ಬೂದಿ ಕೆಸರಾಗಿ ಹರಿದು, 1995ರಲ್ಲಿ ಬಾಕೊಲೋರ್ ಪಟ್ಟಣದ ಹಳೆಯ ಚರ್ಚನ್ನು ಅರ್ಧದವರೆಗೆ ಹೂತುಹಾಕಿತು. ಇನ್ನು, ಬೆಟ್ಟದಿಂದ ಪಾರಾಗಿ ಬಂದ ಆಯ್ಟಾ ಮಕ್ಕಳಲ್ಲಿ ಅನೇಕರು ಶಿಬಿರಗಳಲ್ಲಿ ದಡಾರ ತಗುಲಿ ತೀರಿಕೊಂಡರು. ಉಳಿದ ಜೀವಗಳ ಲೆಕ್ಕ ಓದುವಾಗ ಆ ಮಕ್ಕಳನ್ನೂ ನೆನೆಯುತ್ತೇನೆ.

ಇಂತಿ ನಿನ್ನ ಗೆಳೆಯ