ಗಣಿತದ ಚೀಲ: ಒಂದು ಮಗುವಿಗೆ ಒಂದು

ದಿನಾಂಕ: 21-10-2021
ದಾವಣಗೆರೆ ತಾಲ್ಲೂಕು

ಮಾನ್ಯ ಪೋಷಕರೇ,

ಇದೇ 25ರ ಸೋಮವಾರದಿಂದ 1ರಿಂದ 5ನೇ ತರಗತಿಯ ಮಕ್ಕಳೂ ಶಾಲೆಗೆ ಬರುತ್ತಾರೆ. ಕಡ್ಡಿ, ಮಣಿ, ದಾಳ ಇಲ್ಲದೆ ನಲಿ-ಕಲಿಯ ಗಣಿತ ಸಾಗುವುದಿಲ್ಲ. ಕೊರೊನಾ ಹೆಚ್ಚಾಗಿ ಹರಡುವುದು ಉಸಿರು, ಕೆಮ್ಮಿನಿಂದ. ವಸ್ತು ಮುಟ್ಟಿ ಬರುವುದು ಕಡಿಮೆ. ಆದರೂ ಮೂಗು ಒರೆಸಿದ ಕೈಯೇ ಮಣಿ ಡಬ್ಬಿಗೆ ಹೋಗುತ್ತದೆ, ಕೆಲವು ಮಣಿ ಬಾಯಿಗೂ ಹೋಗುತ್ತವೆ. ಪ್ರತಿ ಪಿರಿಯಡ್ಡಿಗೂ ಅವನ್ನು ತೊಳೆದು ಒಣಗಿಸುವುದು ಆಗದ ಮಾತು. ಹಾಗಾಗಿ ಲಾಡಿ ಹಾಕಿದ ಒಂದು ಬಟ್ಟೆ ಚೀಲಕ್ಕೆ ಮಗುವಿನ ಹೆಸರು ಬರೆದು ಕಳಿಸಿ.

ಅದರಲ್ಲಿ ತೆಂಗಿನ ಪೊರಕೆಯ ಮೂರಿಂಚಿನ ಕಡ್ಡಿ 50 ಇರಲಿ. ತುದಿ ಓರೆಯಾಗಿ ಕತ್ತರಿಸಿದರೆ ಚುಚ್ಚುತ್ತದೆ. ಹತ್ತತ್ತರ ನಾಲ್ಕು ಕಟ್ಟು ಮಾಡಿ, ಹತ್ತು ಕಡ್ಡಿ ಬಿಡಿಯಾಗಿರಲಿ. ದಾರ ಬೇಡ, ರಬ್ಬರ್ ಬ್ಯಾಂಡೇ ಹಾಕಿ: 42ರಲ್ಲಿ 17 ಕಳೆಯುವಾಗ ಎರಡು ಬಿಡಿಯಲ್ಲಿ ಏಳು ಹೋಗುವುದಿಲ್ಲ, ಮಗು ತಾನೇ ಒಂದು ಕಟ್ಟು ಬಿಚ್ಚಿ ಹನ್ನೆರಡು ಮಾಡಿಕೊಳ್ಳಬೇಕು. ಗಂಟು ಬಿಚ್ಚಲು ಮೇಷ್ಟ್ರನ್ನು ಕರೆದರೆ ಲೆಕ್ಕ ಅಲ್ಲಿಗೇ ನಿಂತಿತು.

2ನೇ ತರಗತಿಯಿಂದ ಮೇಲಿನವರಿಗೆ ಹುಣಸೆ ಬೀಜ 10, ಚೌಕಾಬಾರಕ್ಕೆ ಉಜ್ಜುವ ಹಾಗೆ ಒಂದು ಮಗ್ಗುಲು ಬಿಳಿ ಮಾಡಿದ್ದು. ಎಸೆದಾಗ ನಾಲ್ಕು ಬಿಳಿ, ಆರು ಕಪ್ಪು ಬಿದ್ದರೆ ಅದೇ ಒಂದು ಕೂಡುವ ಲೆಕ್ಕ. 1ನೇ ತರಗತಿಯವರು ನುಂಗುವ ಭಯವಿದೆ, ಬೀಜದ ಬದಲು ನೀರಿನ ಬಾಟಲಿಯ ಮುಚ್ಚಳ ಸಾಕು. ಬಿತ್ತನೆ ಪ್ಯಾಕೆಟ್‌ನಲ್ಲಿ ಉಳಿದ ಬಣ್ಣದ ಮೆಕ್ಕೆಜೋಳವನ್ನು ಮಾತ್ರ ಹಾಕಲೇಬೇಡಿ. ಅದಕ್ಕೆ ಔಷಧಿ ಲೇಪಿಸಿರುತ್ತಾರೆ, ವಿಷ. ಮನೆಯಲ್ಲಿ ಚಿಕ್ಕ ಮಗುವಿದ್ದರೆ ಚೀಲವನ್ನು ಎತ್ತರದ ಗೂಟಕ್ಕೆ ತೂಗುಹಾಕಿ. ಬೀಜ ಮೂಗಿಗೆ ಸೇರಿದರೆ ನೀವೇ ಕೀಳಲು ಹೋಗಬೇಡಿ, ಇನ್ನೂ ಒಳಗೆ ಜರುಗುತ್ತದೆ, ಆಸ್ಪತ್ರೆಗೆ ಕರೆದೊಯ್ಯಿರಿ.

ಮಣಿ ಚೌಕಟ್ಟು, ಗಡಿಯಾರ, ತಕ್ಕಡಿಯಂಥ ಶಾಲೆಯ ಸಾಮಾನನ್ನು ದಿನಕ್ಕೆ ಒಂದೇ ಗುಂಪಿಗೆ ಕೊಡುತ್ತೇವೆ. ಮುಟ್ಟುವ ಮೊದಲೂ ಆಮೇಲೂ ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆಸುತ್ತೇವೆ. ಪ್ಲಾಸ್ಟಿಕ್ ಸಾಮಾನನ್ನು ಸಂಜೆ ಸೋಪು ನೀರಿನಲ್ಲಿ ತೊಳೆದು, ಲೀಟರ್ ನೀರಿಗೆ 5% ಸೋಡಿಯಂ ಹೈಪೋಕ್ಲೋರೈಟ್ (ಕ್ಲೋರಿನ್ ಇರುವ ಬ್ಲೀಚಿಂಗ್ ದ್ರವ) 20 ಮಿ.ಲೀ. ಬೆರೆಸಿ ಹತ್ತು ನಿಮಿಷ ಅದ್ದಿಟ್ಟು, ಮತ್ತೆ ಬರೀ ನೀರಿನಲ್ಲಿ ಜಾಲಿಸುತ್ತೇವೆ. ಮೊದಲು ಸೋಪೇ ಬೇಕು. ಜಿಡ್ಡು ಇದ್ದರೆ ಕ್ಲೋರಿನ್ ಅದರ ಮೇಲೇ ಖರ್ಚಾಗಿಬಿಡುತ್ತದೆ. ಕಂಪಾಸು ತುಕ್ಕು ಹಿಡಿಯುತ್ತದೆ, ಅದನ್ನು ಅದ್ದುವುದಿಲ್ಲ, ಸ್ಯಾನಿಟೈಸರ್ ಹಚ್ಚಿದ ಬಟ್ಟೆಯಲ್ಲಿ ಒರೆಸುತ್ತೇವೆ. ಸ್ಕೇಲಿಗೆ ಸ್ಯಾನಿಟೈಸರ್ ಸೋಕಿಸುವುದಿಲ್ಲ, ಅಂಕಿಗಳು ಅಳಿಸಿಹೋಗುತ್ತವೆ. ರಟ್ಟಿನ ಕಾರ್ಡುಗಳನ್ನು ಮೂರು ದಿನ ಬೇರೆ ಕವರಿನಲ್ಲಿ ಎತ್ತಿಡುತ್ತೇವೆ.

ನೀವು ಮನೆಯಲ್ಲಿ ಬ್ಲೀಚಿಂಗ್ ಮಾಡುವುದು ಬೇಡ. ಅದು ಟಾಯ್ಲೆಟ್ ಆಸಿಡ್‌ಗೆ ಬೆರೆತರೆ ವಿಷಗಾಳಿ ಏಳುತ್ತದೆ. ಶನಿವಾರ ಚೀಲವನ್ನೂ ಮುಚ್ಚಳಗಳನ್ನೂ ಬಟ್ಟೆ ಸೋಪಿನಲ್ಲಿ ಒಗೆಯಿರಿ. ಕಡ್ಡಿ, ಬೀಜಗಳನ್ನು ನೆನೆಸದೆ ಬಿಸಿಲಿಗೆ ಹರವಿ. ಹಸಿ ಉಳಿದರೆ ಬೂಷ್ಟು ಹಿಡಿಯುತ್ತದೆ. ಎಣಿಸಿ ತುಂಬುವ ಕೆಲಸ ಮಗುವಿನದೇ ಆಗಲಿ. ಕಡಿಮೆಯಾದದ್ದನ್ನು ಸೋಮವಾರದೊಳಗೆ ಸೇರಿಸಿ, ಪಕ್ಕದವರ ಚೀಲದಿಂದ ಸಾಲ ಕೊಡಿಸುವುದಿಲ್ಲ.

ಜ್ವರ, ಕೆಮ್ಮು, ನೆಗಡಿ ಇದ್ದರೆ ಮಗುವನ್ನೂ ಚೀಲವನ್ನೂ ಮನೆಯಲ್ಲೇ ಉಳಿಸಿಕೊಂಡು ಶಾಲೆಗೆ ಫೋನ್ ಮಾಡಿ. ಮಗುವನ್ನು ಶಾಲೆಗೆ ಕಳಿಸಲು ನಿಮ್ಮ ಒಪ್ಪಿಗೆ ಪತ್ರವನ್ನು ಮೊದಲ ದಿನವೇ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕರು